ಒಂದು ಪಾಯಿಂಟ್ ಆರು ನಾಲ್ಕು

ಡಿಸೆಂಬರ್ ಒಂದು. ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತೊಂದು ಸೆಲ್‌ಗಳು ಸಾಲಾಗಿ ನಿಂತಿದ್ದವು. ಹೊಗೆ ಎದ್ದರೆ ಕಿರುಚುವ, ಮನೆಯ ಮೂರು ಹೊಗೆಗಂಟೆಗಳಿಗೆ ಆರು, ಗುಡ್ಡದಾಚೆಯ ತಂಗುಮನೆಯ ಎರಡು ಹೊಗೆಗಂಟೆಗಳಿಗೆ ನಾಲ್ಕು, ಎರಡು ಕೈರೇಡಿಯೋಗಳಿಗೆ ಎಂಟು, ಹಣೆಗೆ ಕಟ್ಟುವ ದೀಪಕ್ಕೆ ಮೂರು. ಟೊರ್ಲೈಫ್ ವೋಲ್ಟ್ ಅಳೆಯುವ ಮೀಟರಿನ ಕೆಂಪು ಕಡ್ಡಿಯನ್ನು ಒಂದೊಂದರ ತಲೆಗೂ ಕಪ್ಪು ಕಡ್ಡಿಯನ್ನು ಬುಡಕ್ಕೂ ತಾಗಿಸಿ, ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡಿ, ಆ ಅಂಕಿಯನ್ನು ಸೆಲ್ಲಿನ ಮೈಮೇಲೆಯೇ ಶಾಯಿಯಲ್ಲಿ ಬರೆಯುತ್ತಿದ್ದ. ಬರೆದ ಮೇಲೆ ಸೆಲ್ಲು ಸಾಲಿನಲ್ಲಿ ತನ್ನ ಸ್ಥಾನಕ್ಕೆ ಹೋಗುತ್ತಿತ್ತು. ಹೆಚ್ಚು ತೋರಿಸಿದ್ದು ಎಡಕ್ಕೆ, ಕಡಿಮೆ ತೋರಿಸಿದ್ದು ಬಲಕ್ಕೆ.

ಹೊಗೆಗಂಟೆಗೆ ಸೆಲ್ ಬದಲಿಸುವ ದಿನ ಅದು. ನಾರ್ವೆಯ ಆ ಉತ್ತರದ ಕರಾವಳಿಯಲ್ಲೂ ಅಂದು ಪ್ರತಿ ಮನೆಯಲ್ಲಿ ಯಾರಾದರೊಬ್ಬರು ಸ್ಟೂಲಿನ ಮೇಲೆ ನಿಂತು ಸೂರಿನತ್ತ ಕೈ ಚಾಚಿರುತ್ತಾರೆ. ಸೂರ್ಯ ಹೋಗಿ ಐದು ದಿನಗಳಾಗಿದ್ದವು. ಇನ್ನು ಅವನು ಬರುವುದು ಜನವರಿಯಲ್ಲಿ. ಬೆಳಗಿನ ಒಂಬತ್ತೂವರೆಗೆ ಕಿಟಕಿಯ ಹೊರಗೆ ಒಂದು ಬಗೆಯ ನೀಲಿ ಮಾತ್ರ ಹಬ್ಬಿತ್ತು.

"ನಿನ್ ಪರೀಕ್ಷೆ ಇನ್ನೂ ಮುಗೀಲಿಲ್ವೇನೋ? ಯಾವನು ಫಸ್ಟ್ ಬಂದ?"

ಮಾಗ್ನಿ ಬಾಗಿಲಲ್ಲಿ ನಿಂತು ತೊಗಲಿನ ಬೂಟಿನ ದಾರ ಬಿಗಿಯುತ್ತಿದ್ದಳು. ಅವಳಿಗೆ ಎಪ್ಪತ್ತೊಂದು, ತಮ್ಮ ಟೊರ್ಲೈಫನಿಗಿಂತ ಮೂರು ವರ್ಷ ಹಿರಿಯಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಮದುವೆಯಾಗದ ತಮ್ಮನ ಜೊತೆ ಉಳಿದವಳು. ಗುಡ್ಡದಾಚೆಯ ತಂಗುಮನೆಯ ಕೀಲಿ ಅವಳ ವಶದಲ್ಲಿತ್ತು. ಚಾರಣದ ಸಂಘದವರು ಕಟ್ಟಿದ ಮನೆ. ಚಳಿಗಾಲದಲ್ಲಿ ಹಿಮಜಾರುಗರು ಅಲ್ಲಿ ಒಲೆ ಹೊತ್ತಿಸಿ ಮಲಗುತ್ತಾರೆ. ಬೆಂಕಿ ಬಿದ್ದರೆ ಅವರು ಏಳಬೇಕು, ಅದಕ್ಕೆ ಅಲ್ಲಿಯ ಹೊಗೆಗಂಟೆಗಳೂ ಎಚ್ಚರವಾಗಿರಬೇಕು. ಪ್ರತಿ ವರ್ಷ ಈ ದಿನ ಮಾಗ್ನಿ ಹಿಮಪಾದುಕೆ ಕಟ್ಟಿಕೊಂಡು ಹತ್ತಿ, ಸೆಲ್ ಬದಲಿಸಿ, ರಾತ್ರಿ ಅಲ್ಲೇ ಮಲಗಿ, ಮರುದಿನ ಇಳಿದು ಬರುತ್ತಿದ್ದಳು.

"ಇವು ಹನ್ನೊಂದು," ಎಂದು ಟೊರ್ಲೈಫ್ ಎಡತುದಿಯ ಬೂದುಬಣ್ಣದ ಸೆಲ್‌ಗಳನ್ನು ತೋರಿಸಿದ. "ಎಲ್ಲ ಒಂದು ಪಾಯಿಂಟ್ ಆರು ನಾಲ್ಕು. ಅಂಗಡಿಯಿಂದ ಈಗ್ ತಂದ ಹೊಸಾ ಸೆಲ್ಲೇ ಒಂದು ಪಾಯಿಂಟ್ ಐದು ಎಂಟು ತೋರ್ಸುತ್ತೆ."

"ಅಂದ್ರೆ ಕಸದ ಡಬ್ಬೀಲಿ ಸಿಕ್ಕಿದ್ದು ಅಂಗಡೀದಕ್ಕಿಂತ ಹೊಸದು."

"ನಾನ್ ಹೇಳ್ತಿಲ್ಲ. ಮೀಟರ್ ಹೇಳ್ತಿದೆ."

"ಮೀಟರ್‌ಗೆ ಚಳಿ ಆಗಲ್ಲ ಕಣೋ. ಅದು ನಿನ್ ಥರ ಒಲೆ ಪಕ್ಕ ಕೂತಿರುತ್ತೆ."

"ಇವು ಚಳಿಗೇ ಅಂತ ಮಾಡಿರೋ ಸೆಲ್ಲು. ಲಿಥಿಯಂ. ಒಂದಕ್ಕೆ ಕೊಡೋ ದುಡ್ಡಲ್ಲಿ ಬೇರೇವು ನಾಲ್ಕು ಬರುತ್ತೆ. ಮೀನಿನ ಕಟ್ಟೇಲಿ ಶೈತ್ಯದ ಕೋಣೆ ಥರ್ಮಾಮೀಟರ್‌ಗೆ ಇದನ್ನೇ ಹಾಕೋದು. ತಾರೀಖು ಬಂತು ಅಂತ ತೆಗೆದು ಬಿಸಾಕ್ತಾರೆ. ದಂಡ."

ಟೊರ್ಲೈಫ್ ಮೀನಿನ ಕಟ್ಟೆಯಲ್ಲಿ ತೂಕದವನಾಗಿದ್ದ. ದೋಣಿಗಳು ತಂದ ಕಾಡ್ ಮೀನನ್ನು ತೂಗಿ ಅಂಕಿ ಕೂಗುವುದು ಅವನ ವೃತ್ತಿ. ಅವನು ಕೂಗಿದ ಅಂಕಿಯನ್ನು ಯಾವ ದೋಣಿಯವನೂ ಎರಡನೆಯ ಬಾರಿ ಕೇಳಿದ್ದಿಲ್ಲ. ನಿವೃತ್ತಿಯಾದ ಮೇಲೆ ತೂಗಲು ಏನೂ ಉಳಿಯದೆ ಒಂದು ಚಳಿಗಾಲ ಸುಮ್ಮನೆ ಕಿಟಕಿಯ ಬಳಿ ಕುಳಿತಿದ್ದ. ಎರಡನೆಯ ಚಳಿಗಾಲಕ್ಕೆ ಈ ಮೀಟರ್ ಕೊಂಡ. ಕಟ್ಟೆಯ ಬಾಗಿಲ ಬಳಿ ಹಳೆಯ ಸೆಲ್ ಹಾಕುವ ಡಬ್ಬಿಯಿತ್ತು. ಕಾಫಿಗೆಂದು ಹೋದಾಗ ಅದರಿಂದ ಒಂದು ಹಿಡಿ ಜೇಬಿಗೆ ಸೇರುತ್ತಿತ್ತು. ಅವನು ಸೆಲ್ ಜೋಡಿಸಿಟ್ಟ ತಟ್ಟೆಗಳಿಗೆ ಊರಿನವರು ಬ್ಯಾಂಕು ಎಂದು ಹೆಸರಿಟ್ಟರು. ನಕ್ಕವರೇ ಗಡಿಯಾರ ನಿಂತಾಗ ಬಾಗಿಲು ತಟ್ಟುತ್ತಿದ್ದರು.

ಅವನು ನಾಲ್ಕು ಸೆಲ್ ಅವಳ ರೇಡಿಯೋಕ್ಕೆ, ನಾಲ್ಕು ತನ್ನದಕ್ಕೆ, ಮೂರು ಹಣೆದೀಪಕ್ಕೆ ಹಾಕಿದ. ಅತ್ಯುತ್ತಮವಾದವು ಅಲ್ಲಿಗೇ ಸಲ್ಲಬೇಕೆಂಬುದು ಅವನ ನಿಯಮ. ಎರಡೂ ರೇಡಿಯೋಗಳಲ್ಲಿ ಹಸಿರು ಚುಕ್ಕೆ ಬೆಳಗಿತು.

"ಗೇಟಿಂದ ಒಂದ್ ಸಲ ಮಾತಾಡಿ ನೋಡೋಣ," ಎಂದಳು ಮಾಗ್ನಿ.

"ಯಾತಕ್ಕೆ? ಮಾತಾಡಿದ್ರೆ ಸೆಲ್ ಖರ್ಚು. ಎರಡು ಗಂಟೆಗೆ ಕಲ್ಗುಪ್ಪೆ ಹತ್ರ ನಿಂತು ಗುಂಡಿ ಒತ್ತು. ನಾನ್ ಉತ್ರ ಕೊಡ್ತೀನಿ. ಅಷ್ಟೇ."

"ನಾನ್ ಒತ್ತದಿದ್ರೆ?"

"ಎರಡೂವರೆವರ್ಗೂ ನಾನ್ ಒತ್ತಲ್ಲ. ಇಬ್ರೂ ಒಟ್ಟಿಗೆ ಒತ್ತಿದ್ರೆ ಯಾರ್ದೂ ಕೇಳ್ಸಲ್ಲ."

"ನಿನ್ ಜೊತೆ ಮಾತಾಡಕ್ಕೂ ಒಂದ್ ಕಾನೂನು," ಎಂದು ಅವಳು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. "ಮೀನಿನ ಸಾರು ಒಲೆ ಮೇಲಿದೆ. ಬಿಸಿ ಮಾಡ್ಕೊಂಡು ಉಣ್ಣು. ತಣ್ಣಗೇ ಸುರ್ಕೊಂಡು ಕೂರ್ಬೇಡ."

ಅವಳು ಹೊರಟಾಗ ಹತ್ತು ಗಂಟೆ. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಗೇಟಿನ ಆಚೆ, ಬರ್ಚ್ ಮರದ ಕೆಳಗೆ ಬೆನ್ನು ತಿರುಗಿಸಿ ಬಗ್ಗಿ ಸ್ವಲ್ಪ ಹೊತ್ತು ನಿಂತಳು. ಪಾದುಕೆಯ ಪಟ್ಟಿ ಸಡಿಲವಾಗಿರಬೇಕೆಂದುಕೊಂಡ ಟೊರ್ಲೈಫ್. ಆಮೇಲೆ ಅವಳು ತಿರುಗಿ ನೋಡದೆ ಕೋಲೊಂದನ್ನು ಎತ್ತಿ ತೋರಿಸಿ ಹತ್ತತೊಡಗಿದಳು.

*

ಕಲ್ಗುಪ್ಪೆ ಇದ್ದುದು ಗುಡ್ಡದ ನೆತ್ತಿಯ ಮೇಲೆ. ಅಲ್ಲಿಂದ ಈ ಕಡೆ ಊರು ಕಾಣುತ್ತದೆ, ಆ ಕಡೆ ತಂಗುಮನೆಯ ಮಾಡು. ಗುಡ್ಡದ ಮೇಲೆ ಎಲ್ಲೂ ಫೋನ್ ಸಿಗದು, ನೆತ್ತಿ ದಾಟಿ ಇಳಿದವರಿಗೆ ರೇಡಿಯೋನೂ ಇಲ್ಲ. ಮರುದಿನ ಮತ್ತೆ ಅಲ್ಲಿಗೆ ಹತ್ತಿ ಬರುವವರೆಗೆ ಅವರು ಇದ್ದಾರೋ ಇಲ್ಲವೋ ಎಂದು ತಿಳಿಯುವ ಉಪಾಯವಿಲ್ಲ. ಆದ್ದರಿಂದ ಎರಡು ಗಂಟೆಯ ಆ ಒಂದು ಮಾತಿಗೆ ಅಷ್ಟು ಬೆಲೆ.

ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಟೊರ್ಲೈಫ್ ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದುರಿಗೆ ಕುಳಿತ. ಹೊರಗೆ ಆಗಲೇ ಕತ್ತಲೆ ಇಳಿಯುತ್ತಿತ್ತು. ಗುಡ್ಡದ ಅಂಚು ಆಕಾಶದಿಂದ ಬೇರೆಯಾಗಿ ಕಾಣುವಷ್ಟು ಮಾತ್ರ ನೀಲಿ ಉಳಿದಿತ್ತು. ಹಸಿರು ಚುಕ್ಕೆ ಸ್ಥಿರವಾಗಿ ಬೆಳಗುತ್ತಿತ್ತು.

ಎರಡಾಯಿತು.

ಹೊಸ ಹಿಮ ಮೊಣಕಾಲಿನವರೆಗಿದೆ. ತಡವಾಗುವುದು ಸಹಜ ಎಂದುಕೊಂಡ. ಒಮ್ಮೆ ರೇಡಿಯೋ ಗೊರಕ್ಕೆಂದಂತಾಯಿತು. ಅವನು ಬಗ್ಗಿ ಕಿವಿ ಕೊಟ್ಟ. ಮಾತು ಬರಲಿಲ್ಲ. ಗಾಳಿಯೋ, ಬೇಟೆಗಾರರು ಯಾರಾದರೂ ದೂರದಲ್ಲಿ ಗುಂಡಿ ಒತ್ತಿದರೋ. ಚುಕ್ಕೆ ಒಂದು ಗಳಿಗೆ ಮಂಕಾದಂತೆ ಕಂಡು ಮತ್ತೆ ಬೆಳಗಿತು. ಕಣ್ಣಿನ ದೋಷವೆಂದು ಕನ್ನಡಕ ಒರೆಸಿಕೊಂಡ. ಇನ್ನೆರಡು ಬಾರಿ ಹಾಗೆಯೇ ಆಯಿತು.

ಎರಡೂಕಾಲು. ಅವನು ಎದ್ದು ಕಾಫಿ ಬಗ್ಗಿಸಿದ, ಕುಡಿಯಲಿಲ್ಲ. ನಿಯಮವನ್ನು ಮಾಡಿದವನು ತಾನೇ. ಅದನ್ನು ಮುರಿದರೆ, ತಾನು ಒತ್ತಿದ ಕ್ಷಣದಲ್ಲೇ ಅವಳೂ ಒತ್ತಿದರೆ, ಅವಳ ಮಾತು ತನ್ನಿಂದಲೇ ಸಾಯುತ್ತದೆ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತ.

ಎರಡೂವರೆಗೆ ಗುಂಡಿ ಒತ್ತಿದ.

"ಮಾಗ್ನಿ—"

ಚುಕ್ಕೆ ಆರಿಹೋಯಿತು. ಕೈ ಬಿಟ್ಟ. ಸ್ವಲ್ಪ ಹೊತ್ತಿಗೆ ಅದು ಏನೂ ಆಗಿಲ್ಲವೆಂಬಂತೆ ಹೊತ್ತಿಕೊಂಡಿತು. ಮತ್ತೆ ಒತ್ತಿದ, ಮತ್ತೆ ಆರಿತು.

ಅವನು ಹಿಂಬದಿಯ ಮುಚ್ಚಳ ತೆಗೆದು ನಾಲ್ಕೂ ಸೆಲ್‌ಗಳನ್ನು ಮೇಜಿನ ಮೇಲೆ ನಿಲ್ಲಿಸಿ ಅಳೆದ. ಒಂದು ಪಾಯಿಂಟ್ ಆರು ನಾಲ್ಕು. ಆರು ನಾಲ್ಕು. ಆರು ಮೂರು. ಆರು ನಾಲ್ಕು. ಬೆಳಗಿನ ಅಂಕಿಯೇ. ದೋಷ ರೇಡಿಯೋದ್ದಿರಬೇಕೆಂದು ಸಾಲಿನ ಬಲತುದಿಯಿಂದ, ಹೊಗೆಗಂಟೆಗೆಂದು ತೆಗೆದಿಟ್ಟ ಕಡಿಮೆ ಅಂಕಿಯ ಸಾಧಾರಣ ಸೆಲ್‌ಗಳನ್ನು ಹಾಕಿ ಒತ್ತಿದ. ಚುಕ್ಕೆ ಮಿಣುಕಿತು, ಆದರೆ ಆರಲಿಲ್ಲ. ಒಂದಷ್ಟು ಹೊತ್ತು ಹಿಡಿದುಕೊಂಡು ಆಮೇಲೆ ಸೋತಿತು.

ಟೊರ್ಲೈಫ್ ಎದ್ದು ಹಳೆಯ ಟಾರ್ಚಿನ ಬಲ್ಬನ್ನು ಬಿಚ್ಚಿ ತಂದ. ಎರಡು ತುಂಡು ತಂತಿಯಿಂದ ಅದನ್ನು ಬೂದುಬಣ್ಣದ ಸೆಲ್ಲೊಂದಕ್ಕೆ ತಾಗಿಸಿ, ಹಾಗೆ ತಾಗಿಸಿಕೊಂಡೇ ಮೀಟರ್ ಹಿಡಿದ. ಬಲ್ಬು ಒಮ್ಮೆ ಕೆಂಪಗಾಯಿತು. ಮೀಟರಿನ ಅಂಕಿ ಒಂದು ಪಾಯಿಂಟ್ ಆರರಿಂದ ಒಂದು ಪಾಯಿಂಟ್ ಎರಡಕ್ಕೆ, ಸೊನ್ನೆ ಪಾಯಿಂಟ್ ಒಂಬತ್ತಕ್ಕೆ, ಇನ್ನೂ ಕೆಳಗೆ, ನಿಲ್ಲದೆ ಇಳಿಯಿತು. ತಂತಿ ತೆಗೆದ. ಅಂಕಿ ನಿಧಾನವಾಗಿ ಹತ್ತಿ ಮತ್ತೆ ಆರು ಮೂರಕ್ಕೆ ಬಂದು ನಿಂತಿತು.

ಅವನು ಇಷ್ಟು ದಿನ ಸೆಲ್‌ಗಳನ್ನು ಕೆಲಸ ಕೊಡದೆ ಅಳೆಯುತ್ತಿದ್ದ. ಒಲೆಯ ಪಕ್ಕ ಸುಮ್ಮನೆ ನಿಂತ ಸೆಲ್ಲು ಯಾವ ಅಂಕಿಯನ್ನಾದರೂ ಹೇಳಬಲ್ಲದು. ಅದರಲ್ಲೂ ಈ ಲಿಥಿಯಂ ಜಾತಿ ಹುಟ್ಟುವಾಗಲೇ ಬೇರೆಯವಕ್ಕಿಂತ ಹೆಚ್ಚಿನ ಅಂಕಿಯಿಂದ ಹುಟ್ಟುತ್ತದೆ. ಬತ್ತಿ ಹೋದ ಮೇಲೂ ಉಳಿದವುಗಳ ಹೊಸತನಕ್ಕಿಂತ ಮೇಲೆಯೇ ನಿಂತಿರುತ್ತದೆ. ಮಂಜುಗಡ್ಡೆ ಕಳೆಯದೆ ಪೆಟ್ಟಿಗೆ ತೂಗಿ ಮೀನಿನ ಲೆಕ್ಕ ಕೂಗಿದಂತಾಗಿತ್ತು. ಕಟ್ಟೆಯಲ್ಲಿ ಹೊಸಬನೊಬ್ಬ ಹಾಗೆ ಮಾಡಿದ್ದರೆ ಟೊರ್ಲೈಫ್ ಅವನನ್ನು ತೂಕದ ಹತ್ತಿರಕ್ಕೆ ಮತ್ತೆ ಬಿಡುತ್ತಿರಲಿಲ್ಲ.

ಹನ್ನೊಂದು ಸೆಲ್. ನಾಲ್ಕು ಇಲ್ಲಿ. ನಾಲ್ಕು ಅವಳ ರೇಡಿಯೋದಲ್ಲಿ. ಮೂರು ಅವಳ ಹಣೆಯ ಮೇಲೆ.

ಅವಳು ಕರೆದದ್ದು ಇವನಿಗೆ ಕೇಳಲಿಲ್ಲವೋ? ಅಥವಾ ಅವಳಿಗೆ ಕರೆಯಲೇ ಆಗಲಿಲ್ಲವೋ? ಎರಡು ಅಜ್ಞಾತಗಳು, ಒಂದೇ ಸಮೀಕರಣ. ಇಂಥ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಲಾಗದೆಂದು ಶಾಲೆಯಲ್ಲೇ ಕಲಿತಿದ್ದ. ಎರಡನೆಯದು ನಿಜವಾದರೆ ಅವಳು ಈಗ ಬೆಳಕಿಲ್ಲದೆ, ಮಾತಿಲ್ಲದೆ, ನೆತ್ತಿಯ ಮೇಲೋ ಅದರ ಕೆಳಗೋ ಇದ್ದಳು. ಕಿಟಕಿಯಲ್ಲಿ ಗುಡ್ಡದ ಅಂಚು ಅಳಿಸಿಹೋಗಿತ್ತು.

*

ಕೆಳಗಿನ ಮನೆಯ ಇಡಾರ್ ಸ್ಟೂಲಿನ ಮೇಲೆ ನಿಂತಿದ್ದ. ಮೀನಿನ ಕಟ್ಟೆಯಲ್ಲಿ ಯಂತ್ರ ರಿಪೇರಿ ಅವನ ಕೆಲಸ. ಊರಿನ ರಕ್ಷಣಾ ತಂಡದಲ್ಲೂ ಇದ್ದ. ತಲೆಯ ಮೇಲಿನ ಹೊಗೆಗಂಟೆಯ ಹೊಟ್ಟೆ ತೆರೆದುಕೊಂಡಿತ್ತು.

"ಬಾ ಬಾ, ಬ್ಯಾಂಕ್ ಮ್ಯಾನೇಜರ್!" ಎಂದ ಅವನು ತಿರುಗದೆ. "ಬಡ್ಡಿ ವಸೂಲಿಗೆ ಬಂದ್ಯಾ? ನೋಡು, ನಾನು ಅಂಗಡೀದೇ ಹಾಕ್ತಿದೀನಿ. ಪ್ಯಾಕೆಟ್ ಒಡ್ದು ಸೀದಾ. ಮಹಾಪಾಪ."

"ಮಾಗ್ನಿ ಮಾತಾಡ್ಲಿಲ್ಲ."

ಇಡಾರ್ ತಿರುಗಿದ. ಟೊರ್ಲೈಫ್ ಟೋಪಿಯಿಲ್ಲದೆ, ಮನೆಯೊಳಗಿನ ಉಣ್ಣೆಯ ಚಪ್ಪಲಿಯಲ್ಲೇ ಹಿಮದಲ್ಲಿ ನಡೆದು ಬಂದಿದ್ದ.

"ಎಷ್ಟೊತ್ತಿಗೆ ಮಾತಾಡ್ಬೇಕಿತ್ತು?"

"ಎರಡಕ್ಕೆ."

"ಈಗ ಮೂರು ಆಗ್ತಾ ಬಂತು. ಹೊಸ ಹಿಮ ಮಾರಾಯ, ನಿಧಾನ ಆಗಿರ್ಬೋದು. ಅವಳೇನ್ ನಿನ್ನೆ ಮೊನ್ನೆ ಗುಡ್ಡ ಹತ್ತಿದೋಳಾ? ನಮಗೆಲ್ಲಾ ಹಿಮದಲ್ಲಿ ಜಾರೋದು ಕಲ್ಸಿದೋಳು. ರೇಡಿಯೋ ಸರಿ ಇದೆ ತಾನೇ?"

ಇಲ್ಲಿ ಟೊರ್ಲೈಫ್‌ಗೆ ಎರಡು ಉತ್ತರಗಳಿದ್ದವು. ರೇಡಿಯೋ ಕೆಟ್ಟಿದೆ ಎನ್ನಬಹುದಿತ್ತು. ಅದು ಸುಳ್ಳಾದರೂ ಯಾರೂ ತೆರೆದು ನೋಡುತ್ತಿರಲಿಲ್ಲ. ಆದರೆ ಹುಡುಕಲು ಹೋಗುವವನಿಗೆ, ಕತ್ತಲಲ್ಲಿ ದೀಪವಿರುವ ಹೆಂಗಸನ್ನು ಹುಡುಕುವುದೋ ದೀಪವಿಲ್ಲದ ಹೆಂಗಸನ್ನು ಹುಡುಕುವುದೋ ಎಂದು ತಿಳಿದಿರಬೇಕು.

"ರೇಡಿಯೋ ಸರಿ ಇದೆ," ಎಂದ. "ಸೆಲ್ಲು ಸತ್ತಿವೆ. ನನ್ ಹತ್ರ ಇರೋವೂ ಸತ್ತಿವೆ. ಅವಳಿಗೆ ಕೊಟ್ಟಿದ್ದೂ ಅದೇ. ದೀಪಕ್ಕೂ ಅದೇ ಹಾಕಿದೀನಿ."

"ನೀನ್ ಅಳೀಲಿಲ್ವಾ?"

"ಅಳೆದೆ."

ಇಡಾರ್ ಸ್ಟೂಲಿನಿಂದ ಇಳಿದ. ಅವನು ನಗಲಿಲ್ಲ, ನಕ್ಕಿದ್ದರೆ ವಾಸಿ ಇತ್ತು. ಗೋಡೆಯ ಮೊಳೆಯಿಂದ ತನ್ನ ರೇಡಿಯೋ ತೆಗೆದು ಬಾಗಿಲ ಹೊರಗೆ ನಿಂತು ಮೂರು ಬಾರಿ ಕರೆದ. "ಮಾಗ್ನಿ, ಮಾಗ್ನಿ, ಇಡಾರ್ ಮಾತಾಡ್ತಿದೀನಿ. ಕೇಳಿಸ್ತಿದ್ಯಾ?" ಪ್ರತಿ ಸಲವೂ ಕೊನೆಯಲ್ಲಿ ಗೊರಗೊರ ಶಬ್ದವೊಂದೇ ಉಳಿಯಿತು.

"ನೆತ್ತಿ ದಾಟಿ ಆ ಕಡೆ ಇಳಿದಿದ್ರೆ ಕೇಳ್ಸಲ್ಲ," ಎಂದ. "ಬಂಡೆ ಮರೇಲಿದ್ರೂ ಕೇಳ್ಸಲ್ಲ. ನಾನ್ ಹಿಮಸ್ಕೂಟರ್ ತಗೊಂಡ್ ಹೋಗ್ತೀನಿ. ನೀನ್ ಮನೇಲಿರು."

"ನಾನೂ ಬರ್ತೀನಿ."

"ಚಪ್ಪಲಿ ಹಾಕ್ಕೊಂಡಾ? ಅವಳು ಬಂದ್ರೆ ಮನೇಲಿ ಯಾರಿರ್ತಾರೆ? ನಾಲ್ಕೂವರೆ ಒಳ್ಗೆ ನಾನ್ ಏನೂ ಹೇಳ್ಲಿಲ್ಲ ಅಂದ್ರೆ ತಂಡದವರ್ನೆಲ್ಲ ಕರಿ." ಅವನು ಅಡುಗೆಮನೆಯ ಖಾನೆ ಎಳೆದ. ಮುಲಾಮಿನ ಕೊಳವೆ, ದಾರದುಂಡೆ, ಚೂರಿ, ಅಂಗಡಿಯ ಬಿಲ್‌ಗಳ ನಡುವೆ ಕೈಯಾಡಿಸಿ ಒಂದು ಸೆಲ್ ಪ್ಯಾಕೆಟ್ ತೆಗೆದು ಹಲ್ಲಿನಿಂದ ಹರಿದ. ನಾಲ್ಕನ್ನು ಟೊರ್ಲೈಫನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಹಾಕು. ಅಳೀತಾ ಕೂರ್ಬೇಡ."

*

ಟೊರ್ಲೈಫ್ ಅಳೆಯಲಿಲ್ಲ. ರೇಡಿಯೋವನ್ನು ಕೈಯಲ್ಲೇ ಹಿಡಿದು ಅಡುಗೆಮನೆಯ ನಡುವೆ ನಿಂತ. ದೀಪ ಆರಿಸಿದ, ಆಗ ಹೊರಗಿನದು ಕಾಣುತ್ತಿತ್ತು. ಹಿಮಸ್ಕೂಟರಿನ ಬೆಳಕು ಬರ್ಚ್ ಮರಗಳ ನಡುವೆ ತೂರಾಡುತ್ತ ಹತ್ತಿ, ಮರಗಳು ಮುಗಿದಲ್ಲಿ ಒಂದೇ ಗೆರೆಯಾಗಿ, ಕೊನೆಗೆ ಚುಕ್ಕೆಯಾಗಿ, ಇಲ್ಲವಾಯಿತು. ಅವನ ಕಾಲಿನ ಒದ್ದೆ ಉಣ್ಣೆಯಿಂದ ನೀರಿಳಿದು ನೆಲದ ಮೇಲೆ ಹರಡುತ್ತಿತ್ತು.

ಒಂದು ಪ್ಯಾಕೆಟ್. ಇಷ್ಟು ವರ್ಷ ಅವಳು ಕೇಳಿದ್ದು ಅದೊಂದೇ. ಒಂದು ಪ್ಯಾಕೆಟ್ ಹೊಸದು ತಗೊಂಡ್ ಬಾರೋ, ನೆತ್ತಿಗೆ ಹೋಗೋ ದಿನಕ್ಕೆ. ಅವನು ಪ್ರತಿ ಸಲವೂ ಅಂಕಿ ತೋರಿಸಿದ್ದ. ಅಂಕಿ ನೋಡಿ ಅವಳು ಸೆಲ್ ತೆಗೆದುಕೊಂಡಾಗಲೆಲ್ಲ ತಾನು ಗೆದ್ದೆನೆಂದು ತಿಳಿದಿದ್ದ.

ಮೂರೂ ಮುಕ್ಕಾಲಿಗೆ ರೇಡಿಯೋ ಮಾತಾಡಿತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನು ಬೆಚ್ಚಿ ಅದನ್ನು ಬೀಳಿಸುವುದರಲ್ಲಿದ್ದ.

"ಟೊರ್ಲೈಫ್, ಕಲ್ಗುಪ್ಪೆ ಹತ್ರ ಇದೀನಿ. ಅವಳ ಪಾದುಕೆ ಗುರುತು ಇಲ್ಲೀವರ್ಗೂ ಬಂದಿದೆ. ಇಲ್ಲಿ ಬಹಳ ಹೊತ್ತು ನಿಂತಿದಾಳೆ, ಹಿಮ ಎಲ್ಲ ತುಳಿದು ಚಪ್ಪಟೆ ಆಗಿದೆ."

"ತಂಗುಮನೆಗೆ ಇಳಿದ್ಲಾ?"

"ಇಲ್ಲ. ಅದೇ ಅರ್ಥ ಆಗ್ತಿಲ್ಲ. ಆ ಕಡೆ ಒಂದು ಹೆಜ್ಜೆನೂ ಇಲ್ಲ. ಊರಿನ್ ಕಡೆಗೇ ತಿರುಗಿದಾಳೆ. ಆದ್ರೆ ಹತ್ತಿದ್ ದಾರೀಲಿ ಇಳಿದಿಲ್ಲ ಮಾರಾಯ. ಕೊರಕಲಿಗೆ ಹೋಗಿದಾಳೆ."

ಟೊರ್ಲೈಫ್ ಕಿಟಕಿಯತ್ತ ಸರಿದು ಕೊರಕಲಿನ ದಿಕ್ಕಿಗೆ ನೋಡಿದ.

"ಕೇಳಿಸ್ತಾ? ಕೊರಕಲು! ಹತ್ರದ ದಾರಿ ನಿಜ, ಆದ್ರೆ ಹೊಸ ಹಿಮ ಬಿದ್ದ ವಾರ ಅದು ಕುಸಿಯುತ್ತೆ, ಅಲ್ಲಿ ಯಾರ್ ಇಳೀತಾರೆ? ಯಾರೂ ಇಳೀಬಾರ್ದು ಅಂತ ನಮಗೆ ಹೇಳ್ಕೊಟ್ಟಿದ್ದೇ ಅವಳು. ಅಂಥಾ ಅವಸರ ಏನಿತ್ತು ಅವಳಿಗೆ?"

ಸಮೀಕರಣದ ಒಂದು ಅಜ್ಞಾತ ಆಗ ಬಿಡಿಸಿಕೊಂಡಿತು. ಅವಳು ಎರಡು ಗಂಟೆಗೆ ಅಲ್ಲಿ ನಿಂತು ಕರೆದಿದ್ದಳು. ಮೂರು ಬಾರಿ, ಆ ಮೂರು ಗೊರಕೆಗಳು ಅವಳ ದನಿಯೇ. ದನಿ ಬಂದಾಗಲೆಲ್ಲ ಅದನ್ನು ಆಡಲು ಈ ರೇಡಿಯೋದ ಸೆಲ್‌ಗಳಿಗೆ ತ್ರಾಣ ಸಾಲದೆ, ಅವು ಕಣ್ಣು ಮುಚ್ಚಿ ಮತ್ತೆ ತೆರೆದಿದ್ದವು. ಉತ್ತರ ಕೊಡುತ್ತೇನೆಂದವನು ಉತ್ತರ ಕೊಡಲಿಲ್ಲ. ಅರವತ್ತೆಂಟು ವರ್ಷದ ಒಂಟಿ ಗಂಡಸು, ಹೊತ್ತಿಸಿದ ಒಲೆ, ಸ್ಟೂಲು.

"ನನಗೇನೋ ಆಯ್ತು ಅಂದ್ಕೊಂಡ್ಲು," ಎಂದ ಟೊರ್ಲೈಫ್.

"ಸರಿ. ನಾನ್ ಅಂಚಿಗೆ ಹೋಗಿ ದೀಪ ಬಿಟ್ಟು ನೋಡ್ತೀನಿ." ಶಬ್ದ ನಿಂತಿತು. ಮತ್ತೆ ಬಂದಾಗ ಅವನ ದನಿ ತಗ್ಗಿತ್ತು. "ಟೊರ್ಲೈಫ್. ಮೇಲಿನ ಅಂಚಲ್ಲಿ ಹಿಮ ಒಡೆದಿದೆ. ದೊಡ್ಡದಲ್ಲ. ಆದ್ರೆ ಒಡೆದು ಕೆಳಗೆ ಹೋಗಿದೆ. ಅವಳ ಗುರುತು ಅದರೊಳಗೇ ಹೋಗುತ್ತೆ. ನಾನು ತಂಡಾನ ಕರೀತಿದೀನಿ. ನೀನು ಅಲ್ಲೇ ಇರು, ಕೇಳ್ತಾ? ಅಲ್ಲೇ ಇರು."

ಟೊರ್ಲೈಫ್ ಬೂಟು ಹುಡುಕಿದ. ಒಂದು ಸಿಕ್ಕಿತು. ಇನ್ನೊಂದಕ್ಕಾಗಿ ಕತ್ತಲಲ್ಲಿ ಬಾಗಿಲ ಬಳಿಯ ನೆಲವನ್ನೆಲ್ಲ ಕೈಯಿಂದ ತಡವುತ್ತಿದ್ದ. ದೀಪ ಹಾಕಬಹುದೆಂಬುದು ಅವನಿಗೆ ಹೊಳೆಯಲಿಲ್ಲ. ಎಲ್ಲಿಗೆ ಹೋಗುವುದು, ಯಾವುದರಿಂದ ಅಗೆಯುವುದು ಎಂಬ ಯೋಚನೆಯೂ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಹಿಮದ ಸಲಿಕೆ ಅವನ ಬೆನ್ನ ಮೇಲೆ ಬಿತ್ತು. ಅದನ್ನು ಹಿಡಿದುಕೊಂಡು, ಒಂದೇ ಬೂಟಿನಲ್ಲಿ, ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಚಿಲಕ ತಾನಾಗಿಯೇ ತಿರುಗಿತು.

ಬಿಳಿಯ ಬೆಳಕೊಂದು ನೇರವಾಗಿ ಅವನ ಕಣ್ಣಿಗೆ ಹೊಡೆಯಿತು. ಹಣೆದೀಪ.

"ಬದುಕಿದೀಯೇನೋ ನೀನು?"

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಟೋಪಿ ಇರಲಿಲ್ಲ. ಕೂದಲು, ಹುಬ್ಬು, ಕತ್ತಿನ ಪಟ್ಟಿ ಎಲ್ಲ ಹಿಮದಿಂದ ಬೆಳ್ಳಗಾಗಿದ್ದವು. ಎರಡು ಕೋಲುಗಳಲ್ಲಿ ಒಂದು ಮಾತ್ರ ಕೈಯಲ್ಲಿತ್ತು.

"ನಿನ್ನನ್ನೇ ಕೇಳ್ತಿರೋದು. ಬದುಕಿದೀಯಾ? ಸಲಿಕೆ ಹಿಡ್ಕೊಂಡ್ ಕತ್ತಲಲ್ಲಿ ಏನ್ ಮಾಡ್ತಿದೀಯ?"

"ಬದುಕಿದೀನಿ," ಎಂದ ಟೊರ್ಲೈಫ್.

"ಹಾಗಿದ್ರೆ ಬಾಯಿ ಬಿಡಕ್ಕೆ ಏನಾಗಿತ್ತು? ಮೂರ್ ಸಲ ಕರ್ದೆ. ಮೂರ್ ಸಲ! ಬೆರಳು ಸೆಟೆದು ಹೋಯ್ತು. ಸ್ಟೂಲಿಂದ ಬಿದ್ದು ಸೊಂಟ ಮುರ್ಕೊಂಡ್ ಬಿದ್ದಿದಾನೆ, ಒಲೆ ಉರೀತಿದೆ ಅಂತ—" ಅವಳು ನಿಲ್ಲಿಸಿ ಉಸಿರೆಳೆದುಕೊಂಡಳು. "ಕೂರ್ಸು ನನ್ನ. ಮಂಡಿ ತಿರುಚಿದೆ."

ಅವನು ಅವಳನ್ನು ತೋಳಿನಡಿ ಹಿಡಿದು ಒಳತಂದು ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ರೇಡಿಯೋ ಎತ್ತಿ, "ಇಡಾರ್, ಮನೇಲಿದಾಳೆ. ಬಂದ್ಲು," ಎಂದ. ಅತ್ತಣಿಂದ ಮೊದಲು ಬಂದದ್ದು ಮಾತಾಗಿರಲಿಲ್ಲ. ಬಳಿಕ ಇಡಾರ್ ಸರಿಯಾದ ಮಾತು ಹುಡುಕಿಕೊಂಡ. "ಆ ಮುದುಕಿಗೆ ಹೇಳು, ನಾಳೆ ಬಂದು ಬೈತೀನಿ ಅಂತ. ಜೋರಾಗಿ ಬೈತೀನಿ."

"ಹಿಮ ಒಡೆದಿದ್ದನ್ನ ನೋಡ್ದ," ಎಂದ ಟೊರ್ಲೈಫ್.

"ನನ್ ಹಿಂದೆನೇ ಒಡೀತು. ಸೊಂಟದವರ್ಗೂ ಹೂತ್ಕೊಂಡೆ. ಒಂದ್ ಕೋಲು ಹೋಯ್ತು. ರೇಡಿಯೋಕ್ಕೂ ಹಿಮ ತುಂಬಿ ಬಾಯಿ ಕಟ್ತು." ಅವಳು ಕೈಗವಸು ಕಳಚಲು ಹಲ್ಲಿನಿಂದ ಎಳೆಯುತ್ತಿದ್ದಳು. "ದೀಪ ಇತ್ತಲ್ಲ, ಅದಕ್ಕೆ ಅಗೆದು ಎದ್ ಬಂದೆ. ಇಲ್ದಿದ್ರೆ ಮೇಲ್ಯಾವುದು ಕೆಳಗ್ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ."

ಟೊರ್ಲೈಫ್ ಅವಳ ಹಣೆಯನ್ನು ನೋಡಿದ. ದೀಪ ಇನ್ನೂ ಉರಿಯುತ್ತಿತ್ತು, ಒಂದಿಷ್ಟೂ ಮಂಕಾಗಿರಲಿಲ್ಲ.

"ಮಾಗ್ನಿ, ಅದು ಉರೀಬಾರ್ದು," ಎಂದ. "ಆ ಸೆಲ್ಲು ಸತ್ತಿವೆ. ನಾನ್ ತಪ್ಪು ಅಳೆದೆ. ನನ್ನ ರೇಡಿಯೋದಲ್ಲಿ ಮಾತು ಬರೋದಿಕ್ಕೂ ಆಗ್ಲಿಲ್ಲ. ನಿನಗೂ ಅದನ್ನೇ ಕೊಟ್ಟಿದ್ದೆ. ಅದು ಹೇಗ್ ಉರೀತಿದೆ?"

ಅವಳ ಕೈ ಮೆಲ್ಲಗೆ ಎದೆಯ ಮೇಲಿನ ರೇಡಿಯೋದತ್ತ ಹೋಯಿತು, ಮುಚ್ಚಿಕೊಳ್ಳುವಂತೆ. ಅಷ್ಟರಲ್ಲಿ ಟೊರ್ಲೈಫ್ ಅದನ್ನು ಬಿಚ್ಚಿ ಎತ್ತಿಕೊಂಡಿದ್ದ. ಅವನು ಹಿಂಬದಿಯ ಮುಚ್ಚಳ ತೆಗೆದ. ಒಳಗೆ ಅಂಗಡಿಯ ನಾಲ್ಕು ಹೊಸ ಸೆಲ್. ಒಂದರ ಮೈಮೇಲೂ ಶಾಯಿಯಿರಲಿಲ್ಲ.

ಒಲೆಯಲ್ಲಿ ಸೌದೆಯೊಂದು ಕುಸಿಯಿತು.

"ಗೇಟ್ ಹತ್ರ," ಎಂದ ಅವನು. ಪ್ರಶ್ನೆಯಂತೆ ಕೇಳಲಿಲ್ಲ.

"ನಿನ್ನದನ್ನೂ ಬದಲಾಯ್ಸಿ ಇಟ್ ಹೋಗ್ಬೇಕಿತ್ತು," ಎಂದಳು ಮಾಗ್ನಿ. ಅವಳು ಅವನ ಮುಖ ನೋಡದೆ ಕಿಟಕಿಯನ್ನು ನೋಡುತ್ತಿದ್ದಳು. "ಹೊಳೀಲೇ ಇಲ್ಲ ಕಣೋ. ಮನೇಲಿರೋನಿಗೆ ಏನಾಗುತ್ತೆ ಬಿಡು ಅಂತ."

ಈ ಮೇಜಿನ ಮೇಲೆ ಎಷ್ಟು ಡಿಸೆಂಬರ್ ಒಂದುಗಳು ಕಳೆದಿದ್ದವೋ ಟೊರ್ಲೈಫ್‌ಗೆ ಗೊತ್ತಿತ್ತು. ಪ್ರತಿ ಬೆಳಿಗ್ಗೆಯೂ ಅವನು ಸಾಲು ನಿಲ್ಲಿಸಿ, ಅಂಕಿ ಬರೆದು, ಅತ್ಯುತ್ತಮವಾದವನ್ನು ಆರಿಸಿ ಅವಳ ಕೈಗಿಟ್ಟಿದ್ದ. ಅವಳು ಹಾಸ್ಯ ಮಾಡಿ, ತೆಗೆದುಕೊಂಡು, ಗೇಟಿನಾಚೆ ಬೆನ್ನು ತಿರುಗಿಸಿ ನಿಂತಿದ್ದಳು. ಅವನು ಬಾಯಿ ತೆರೆದ.

"ಕೇಳ್ಬೇಡ," ಎಂದಳು ಅವಳು. "ಹೇಳಿದ್ರೆ ಕೂಡ್ಸಿ ಗುಣ್ಸಿ ಇಷ್ಟು ವರ್ಷದ ಸೆಲ್ಲಿನ ದುಡ್ಡು ನನಗೆ ಕೊಡಕ್ ಬರ್ತೀಯ. ಬಾಕಿ ಇರ್ಲಿ ಅದು. ಈ ಬೂಟ್ ಬಿಚ್ಚು, ಬಗ್ಗಕ್ಕಾಗ್ತಿಲ್ಲ."

ಅವನು ಅವಳ ಮುಂದೆ ಮಂಡಿಯೂರಿದ. ಬೂಟಿನ ದಾರಕ್ಕೆ ಹಿಮ ಕಟ್ಟಿ, ಗಂಟು ಕಲ್ಲಿನಂತಾಗಿತ್ತು. ಉಗುರು ಹಾಕಿದ, ಅದು ಒಳಗೆ ಇಳಿಯಲಿಲ್ಲ. ಕತ್ತರಿ ತರಲೇ ಎಂದು ಕೇಳಿದ. ಚೆನ್ನಾಗಿರೋ ದಾರ, ಕತ್ತರಿಸಬೇಡ ಎಂದಳು. ಆಗ ಅವನು ಎರಡೂ ಅಂಗೈಗಳನ್ನು ಕೂಡಿಸಿ ಆ ಗಂಟನ್ನು ಅವುಗಳ ನಡುವೆ ಮುಚ್ಚಿ ಹಿಡಿದ. ತಲೆಯ ಮೇಲೆ ಅವಳ ಹಣೆದೀಪ ಉರಿಯುತ್ತಲೇ ಇತ್ತು. ಆರಿಸಬೇಕೆಂದು ಇಬ್ಬರಿಗೂ ತೋರಲಿಲ್ಲ. ಬಹಳ ಹೊತ್ತಿನ ಮೇಲೆ ಅವನ ಬೆರಳುಗಳ ಸಂದಿಯಿಂದ ಮೊದಲ ಹನಿ ನೆಲಕ್ಕೆ ಬಿತ್ತು.